ಇದ್ದ ಹಾಗೆ ಮಾರಿದ ಮೂರು ಆಕ್ಸಿಜನ್ ಯಂತ್ರಗಳು

ಹೊನ್ನಾಳಿಯ ನಿವೃತ್ತ ಮೇಷ್ಟ್ರಿಂದ ಮೊದಲ ಫೋನು ಬಂದಾಗ ನಾನು ಅಂಗಡಿಯ ಮುಂದೆ ಕೂತು ಒಂದು ಆಸ್ಪತ್ರೆ ಮಂಚದ ತುಕ್ಕು ಉಜ್ಜುತ್ತಿದ್ದೆ. ಹನ್ನೆರಡು ದಿನಗಳ ಹಿಂದೆ ಅವರು ನನ್ನಿಂದ ಆಕ್ಸಿಜನ್ ಯಂತ್ರವೊಂದನ್ನು ಕೊಂಡಿದ್ದರು. ಅದರಿಂದ ತಮ್ಮ ಹೆಂಡತಿಗೆ ಏನೂ ಉಪಯೋಗವಾಗುತ್ತಿಲ್ಲ, ವಾಪಸ್ ತೆಗೆದುಕೊಂಡು ಹಣ ಕೊಡಬೇಕು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ತಪ್ಪು ಲೆಕ್ಕ ತೋರಿಸುವವರ ಹಾಗೆ ನಿಧಾನವಾಗಿ ಹೇಳಿದರು.

"ನಿಮ್ಮ ಮಿಷಿನ್ ಹಾಕಿದ್ರೂ ಎಂಬತ್ನಾಲ್ಕು ದಾಟ್ತಿಲ್ಲಮ್ಮ. ತೆಗೆದ್ರೂ ಎಂಬತ್ನಾಲ್ಕೇ. ಹಂಗಾದ್ರೆ ಅದು ಇದ್ದು ಏನು ಬಂತು?"

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಆರೋಗ್ಯವಂತರಿಗೆ ತೊಂಬತ್ತೈದರ ಮೇಲಿರಬೇಕು ಎಂಬುದು ಕೊರೊನಾ ಬಂದುಹೋದ ಮೇಲೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ನಾನು ಅವರಿಗೆ ಉತ್ತರವಾಗಿ ಕಳಿಸಿದ್ದು ನನ್ನ ಜಾಹೀರಾತಿನ ಚಿತ್ರ. ಅದರ ಕೊನೆಯ ಸಾಲಿಗೆ ಕೆಂಪು ಗೀಟು ಹಾಕಿದ್ದೆ: "ಇದ್ದ ಹಾಗೆ ಮಾರಾಟ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ."

ಚನ್ನಗಿರಿಯಲ್ಲಿ ನನ್ನದು ಹಳೆಯ ಸಾಮಾನಿನ ಅಂಗಡಿ. ಮಂಚ, ಗಾಲಿಕುರ್ಚಿ, ವಾಕರ್, ನೀರಿನ ಹಾಸಿಗೆ, ಹೀಗೆ ಮನೆಯಲ್ಲಿ ರೋಗಿ ಇದ್ದವರಿಗೆ ಬೇಕಾಗುವ ವಸ್ತುಗಳು. ಅಂಗಡಿಗೆ ನಡೆದು ಬರುವವರು ಕಡಿಮೆ. ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕುತ್ತೇನೆ, ಫೋನು ಬರುತ್ತದೆ, ಬಸ್ಸಿಗೋ ಲಗೇಜ್ ಆಟೊಕ್ಕೋ ಹಾಕಿ ಕಳಿಸುತ್ತೇನೆ. ಮಂಚದ ಕಾಲು ಅಲ್ಲಾಡುತ್ತದೆ, ಗಾಲಿಯ ರಬ್ಬರು ಹರಿದಿದೆ ಎಂದು ತಕರಾರು ತೆಗೆದವರಿಗೆಲ್ಲ ಆ ಕೊನೆಯ ಸಾಲನ್ನೇ ತೋರಿಸಿ ಬಾಯಿ ಮುಚ್ಚಿಸಿದ್ದೆ.

ಈ ಯಂತ್ರಗಳು ಒಟ್ಟು ನಾಲ್ಕು. ಬಾಗಿಲು ಹಾಕಿದ ಒಂದು ನರ್ಸಿಂಗ್ ಹೋಮಿನಿಂದ ಒಟ್ಟಿಗೆ ಕೊಂಡಿದ್ದೆ. ಕೊರೊನಾ ಸಮಯದಲ್ಲಿ ತರಿಸಿದ್ದವಂತೆ. ಆಮೇಲೆ ನೆಲಮಾಳಿಗೆಯ ಕೋಣೆಗೆ ಸೇರಿದ್ದವು. ನಾನು ಧೂಳು ಒರೆಸಿದೆ, ಸ್ಪಂಜಿನ ಫಿಲ್ಟರ್ ತೊಳೆದು ಹಾಕಿದೆ, ಪ್ಲಗ್ ಚುಚ್ಚಿ ನೋಡಿದೆ. ಗುರ್ ಎಂದು ಸದ್ದು ಬಂತು. ಮುಂಭಾಗದ ನಳಿಗೆಯಲ್ಲಿ ಹರಿವು ತೋರಿಸುವ ಪುಟ್ಟ ಗುಂಡು ಐದರ ಗೆರೆಯವರೆಗೆ ಏರಿ ನಿಂತಿತು. ನೀರಿನ ಬಾಟಲಿಯಲ್ಲಿ ಬುಳುಬುಳು ಗುಳ್ಳೆ. ಅದನ್ನೇ ವಿಡಿಯೊ ಮಾಡಿ ಹಾಕಿದೆ. ಮೂರು ವಾರದೊಳಗೆ ಹೊನ್ನಾಳಿಗೆ ಒಂದು, ನ್ಯಾಮತಿಗೆ ಒಂದು, ಜಗಳೂರಿಗೆ ಒಂದು ಹೋದವು. ನಾಲ್ಕನೆಯದು ಅಂಗಡಿಯಲ್ಲೇ ಉಳಿದಿತ್ತು.

ಮೇಷ್ಟ್ರು ಸುಮ್ಮನಾಗಲಿಲ್ಲ. ಮರುದಿನ ಹೆಂಡತಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ ಫೋಟೊ ಕಳಿಸಿದರು. ಬೆರಳ ತುದಿಯಲ್ಲಿ ಮದರಂಗಿಯ ಬಣ್ಣ ಮಾಸಿಕೊಂಡಿತ್ತು. ಬಣ್ಣ ಇದ್ದರೆ ಅಂಕಿ ಸರಿಯಾಗಿ ತೋರುವುದಿಲ್ಲವೆಂದು ಎಲ್ಲೋ ಓದಿದ್ದು ನೆನಪಾಗಿ, ಅದನ್ನೇ ಬರೆದು ಕಳಿಸಿದೆ. ಒಂದು ಸುತ್ತು ಗೆದ್ದೆ ಅನ್ನಿಸಿತು. ಮೂರನೆಯ ದಿನ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ, ಪೊಲೀಸ್ ಠಾಣೆಗೂ ದೂರು ಕೊಡುತ್ತೇನೆ ಎಂದು ಬರೆದರು. ಅವತ್ತು ಸಂಜೆ ಅವರ ಊರಿನ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ನನ್ನ ಅಂಗಡಿಯ ಫೋಟೊ ಹಾಕಿ, ಇವರಲ್ಲಿ ಕೊಳ್ಳುವಾಗ ಹುಷಾರಾಗಿರಿ ಎಂದು ಬರೆದದ್ದನ್ನು ಯಾರೋ ನನಗೇ ಕಳಿಸಿದರು.

ಅಲ್ಲಿಂದ ನನಗೆ ಹೆದರಿಕೆ ಶುರುವಾಯಿತು. ಫೋನು ಅದುರಿದರೆ ಮಗುಚಿಟ್ಟುಬಿಡುತ್ತಿದ್ದೆ. ರಸ್ತೆಯಲ್ಲಿ ಖಾಕಿ ಕಂಡರೆ ಒಳಗೆ ಹೋಗಿ ಏನೋ ಹುಡುಕುವವಳ ಹಾಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಊಟದ ತಟ್ಟೆ ಮುಂದಿಟ್ಟುಕೊಂಡರೆ ಎರಡು ತುತ್ತಿಗೆ ಸಾಕೆನ್ನಿಸುತ್ತಿತ್ತು. ಆದರೆ ಆ ಹೆದರಿಕೆಯೆಲ್ಲ ನನ್ನ ಬಗ್ಗೆಯೇ ಇತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಂಗಡಿ ಹೋದೀತು, ಹೆಸರು ಕೆಟ್ಟೀತು, ಠಾಣೆಯ ಬೆಂಚಿನ ಮೇಲೆ ಕೂರಬೇಕಾದೀತು ಎಂದಷ್ಟೇ.

ನಾಲ್ಕನೆಯ ದಿನ ಪರಿಚಯದ ವಕೀಲರ ಬಳಿ ಹೋದೆ. ನನಗಿಂತ ಚಿಕ್ಕವರು, ಹಿಂದೆ ಅವರ ತಾಯಿಗೆ ನನ್ನಲ್ಲೇ ಗಾಲಿಕುರ್ಚಿ ಕೊಂಡಿದ್ದರು. ಜಾಹೀರಾತು, ಮೇಷ್ಟ್ರ ಸಂದೇಶಗಳು ಎಲ್ಲವನ್ನೂ ಓದಿದರು.

"ಇದ್ದಂಗೆ ಅಂತ ಬರೆದೀರಿ, ಅವರು ಒಪ್ಪಿ ತಗಂಡಾರೆ. ಅಷ್ಟರ ಮಟ್ಟಿಗೆ ಅಡ್ಡಿ ಇಲ್ಲ ಅಕ್ಕಾ. ಆದ್ರೆ ಮಿಷಿನ್ ಕೆಟ್ಟಿತ್ತು ಅಂತ ನೀವಾಗೇ ಬಾಯಿ ಬಿಟ್ಟು ಅನ್ನಬ್ಯಾಡ್ರಿ. ಬರೆದಂತೂ ಕೊಡಲೇ ಬ್ಯಾಡ್ರಿ. ಮಾರುವಾಗ ಕೆಟ್ಟಿದ್ದು ನಿಮಗೆ ಗೊತ್ತಿತ್ತಾ?"

ಇಲ್ಲ ಎಂದೆ. ಹಾಗಾದರೆ ಸರಿ, ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಮಾತ್ರ ಆ ಸಾಲು ನಿಮ್ಮನ್ನು ಕಾಯುವುದಿಲ್ಲ ಎಂದರು.

ಹಗುರವಾಗಿ ಹೊರಬಂದೆ. ಅಂಗಡಿಗೆ ಬಂದು ಬಾಗಿಲು ತೆಗೆದರೆ ಎದುರಿಗೇ ನಾಲ್ಕನೆಯ ಯಂತ್ರ. ಅದನ್ನು ಪರೀಕ್ಷೆ ಮಾಡಿಸಬಹುದು ಎಂಬ ಯೋಚನೆ ಬಂದದ್ದು ಆಗಲೇ. ಜತೆಗೆ ಇನ್ನೊಂದು ಯೋಚನೆಯೂ ಬಂತು: ಪರೀಕ್ಷೆ ಮಾಡಿಸದಿದ್ದರೆ ನಾನು ಗೊತ್ತಿಲ್ಲದವಳಾಗಿಯೇ ಉಳಿಯಬಹುದು. ಅವತ್ತು ಮಧ್ಯಾಹ್ನವೆಲ್ಲ ಈ ಎರಡನೆಯ ಯೋಚನೆಯನ್ನೇ ಹಿಡಿದುಕೊಂಡು ಕೂತಿದ್ದೆ. ಯಂತ್ರದ ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿದೆ.

ಐದನೆಯ ದಿನ ಬೆಳಿಗ್ಗೆ ಮೇಷ್ಟ್ರಿಂದ ಇನ್ನೊಂದು ಫೋಟೊ ಬಂತು. ಈ ಸಲ ಬರಹ ಏನೂ ಇರಲಿಲ್ಲ. ಹೆಂಡತಿಯ ಕೈ ಮಾತ್ರ, ಹಾಸಿಗೆಯ ಮೇಲೆ ಚಾಚಿದ್ದು. ಮದರಂಗಿ ಇಲ್ಲದ ಇನ್ನೊಂದು ಕೈ. ಐದೂ ಉಗುರು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿದ್ದವು.

ಹೊದಿಕೆ ತೆಗೆದು ಯಂತ್ರ ಚಾಲೂ ಮಾಡಿದೆ. ನಳಿಗೆಯನ್ನು ನನ್ನ ಮೂಗಿಗೇ ಸಿಕ್ಕಿಸಿಕೊಂಡು, ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ಕೂತೆ. ತೊಂಬತ್ತೆಂಟು. ತೆಗೆದೆ. ತೊಂಬತ್ತೆಂಟು. ಗಟ್ಟಿ ಇರುವ ಶ್ವಾಸಕೋಶಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಯಂತ್ರಕ್ಕೆ ಗೋಣಿಚೀಲ ಸುತ್ತಿ, ಹಗ್ಗ ಬಿಗಿದು, ದಾವಣಗೆರೆ ಬಸ್ಸಿಗೆ ಹಾಕಿಸಿಕೊಂಡು ಹೊರಟೆ. ಕಂಡಕ್ಟರ್ ಅದಕ್ಕೂ ಒಂದು ಲಗೇಜ್ ಟಿಕೆಟ್ ಹರಿದರು.

ದಾವಣಗೆರೆಯಲ್ಲಿ ಆಸ್ಪತ್ರೆಗಳ ಉಪಕರಣ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಐವತ್ತರ ಮೇಲಿನ ವಯಸ್ಸು, ಮಾತು ಕಡಿಮೆ. ಅವರು ಮೊದಲು ಯಂತ್ರದ ಹೊಟ್ಟೆಯ ಮೀಟರಿನಲ್ಲಿ ಎಷ್ಟು ಗಂಟೆ ಓಡಿದೆ ಎಂದು ನೋಡಿದರು. ಓಡಿದ್ದು ಬಹಳ ಕಡಿಮೆ. ನನಗೆ ಧೈರ್ಯ ಬಂತು. ಅವರ ಮುಖ ಮಾತ್ರ ಸಪ್ಪಗಾಯಿತು.

"ಓಡಿದ್ದರೆ ಚೆನ್ನಾಗಿರ್ತಿತ್ತು ತಾಯಿ. ಸುಮ್ನೆ ಕೂತು ಕೆಡೋ ಮಿಷಿನ್ ಇದು."

ಒಳಗಿನ ಎರಡು ಸಿಲಿಂಡರುಗಳಲ್ಲಿ ಒಂದು ಬಗೆಯ ಬಿಳಿ ಹರಳು ತುಂಬಿರುತ್ತದೆ, ಗಾಳಿಯಲ್ಲಿರುವ ನೈಟ್ರೋಜನನ್ನು ಹಿಡಿದಿಟ್ಟು ಆಮ್ಲಜನಕವನ್ನಷ್ಟೇ ಬಿಡುವುದು ಅದರ ಕೆಲಸ, ತೇವ ಹೀರಿದರೆ ಆ ಹರಳು ಸತ್ತಂತೆ ಎಂದು ಬಿಡಿಸಿ ಹೇಳಿದರು. ಆಮೇಲೆ ಆಮ್ಲಜನಕ ಅಳೆಯುವ ಅಂಗೈ ಅಗಲದ ಅನಲೈಸರ್ ತೆಗೆದು ನಳಿಗೆಗೆ ಜೋಡಿಸಿದರು. ಯಂತ್ರ ಬಿಸಿಯಾಗಲು ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಅಂಕಿ ನೋಡಬಾರದು ಎಂದು ಅನಲೈಸರನ್ನು ಮಗುಚಿಟ್ಟರು. ಗುಂಡು ಐದರಲ್ಲಿ ನಿಂತಿತ್ತು. ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಹೊರಬರುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ತೊಂಬತ್ತರ ಮೇಲೆ ಬಂದರೆ ಒಳ್ಳೆಯದು, ಎಂಬತ್ತೈದರ ಕೆಳಗಿಳಿದರೆ ರೋಗಿಗೆ ಕೊಡುವ ಹಾಗಿಲ್ಲ ಎಂದರು.

ತಿರುಗಿಸಿ ನೋಡಿದಾಗ ಮೂವತ್ತೊಂದು ಇತ್ತು.

ಈ ಕೋಣೆಯ ಗಾಳಿಯಲ್ಲೇ ಇಪ್ಪತ್ತೊಂದು ಇರುತ್ತದೆ ಎಂದರು. ಕೆಟ್ಟರೆ ಎಚ್ಚರಿಕೆಯ ದೀಪ ಹತ್ತಬೇಕಲ್ಲವೇ ಎಂದು ಕೇಳಿದೆ. ಕೆಲವದರಲ್ಲಿ ಹತ್ತುತ್ತದೆ, ಈ ಮಾದರಿಯಲ್ಲಿ ಆ ಸೆನ್ಸರೇ ಇಲ್ಲ ಎಂದರು. ಉಳಿದ ಮೂರೂ ಇದೇ ನೆಲಮಾಳಿಗೆಯವೇ ಎಂದು ಕೇಳಿದಾಗ ತಲೆಯಾಡಿಸಿದೆ. ಅವರು ಅನಲೈಸರಿನ ಗುಂಡಿ ಒತ್ತಿ ಆರಿಸಿದರು.

ಇನ್ನು ನಾನು ಗೊತ್ತಿಲ್ಲದವಳಲ್ಲ. ವಕೀಲರ ಮಾತು ಕಿವಿಯಲ್ಲಿತ್ತು. ಫೋನು ಮಾಡಿ ಹೇಳಿದರೆ ನಾನೇ ನನ್ನ ಕುತ್ತಿಗೆಗೆ ಹಗ್ಗ ಬಿಗಿದುಕೊಂಡಂತೆ. ಹೇಳದಿದ್ದರೆ ಮೂರು ಮನೆಗಳಲ್ಲಿ ಗುಳ್ಳೆ ನೋಡಿಕೊಂಡು ಜನ ಕೂತಿರುತ್ತಾರೆ. ನಂಬರು ಒತ್ತಲು ಮೂರು ಸಲ ಬೇಕಾಯಿತು. ಧೈರ್ಯ ಮಾಡಿದೆ ಎಂದು ಹೇಳಲಾರೆ. ಎರಡು ಹೆದರಿಕೆಗಳಲ್ಲಿ ಒಂದು ಇನ್ನೊಂದಕ್ಕಿಂತ ದೊಡ್ಡದಾಗಿತ್ತು, ಅಷ್ಟೇ.

ಮೊದಲು ಮೇಷ್ಟ್ರಿಗೆ. ಸರ್, ನೀವು ಹೇಳಿದ್ದು ನಿಜ, ಅದರಲ್ಲಿ ಆಮ್ಲಜನಕ ಸಾಲದು, ಅದನ್ನು ನಂಬಿ ಕೂರಬೇಡಿ, ಅಮ್ಮನವರನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹಣ ನಾನು ಕೊಡುತ್ತೇನೆ ಎಂದೆ.

"ಐದು ದಿನದಿಂದ ಅದನ್ನೇ ಹೇಳ್ತಿದೀನಲ್ಲಮ್ಮ," ಎಂದರು. ಫೋಟೊ ಕಳಿಸಿದ ಮೇಲೆ ತಡೆಯಲಾಗದೆ ಬೆಳಿಗ್ಗೆಯೇ ಬಾಡಿಗೆಗೆ ಒಂದು ಸಿಲಿಂಡರ್ ತರಿಸಿಕೊಂಡಿದ್ದರಂತೆ. ಈಗ ತೊಂಬತ್ತೊಂದಕ್ಕೆ ಬಂದಿದೆ ಎಂದು ಹೇಳಿ ಇಟ್ಟುಬಿಟ್ಟರು.

ನ್ಯಾಮತಿಯವರು ಸಲೂನು ಇಟ್ಟುಕೊಂಡವರು, ತಾಯಿಗೆಂದು ಕೊಂಡಿದ್ದರು. ಚಳಿಗಾಲಕ್ಕೆ ಇರಲಿ ಅಂತ ತಗಂಡಿದ್ದು, ಇನ್ನೂ ಕವರ್ರೇ ಬಿಚ್ಚಿಲ್ಲ ಎಂದರು. ಬಿಚ್ಚಬೇಡಿ, ಹಾಗೆಯೇ ವಾಪಸ್ ಕಳಿಸಿ, ಹಣ ಕೊಡುತ್ತೇನೆ ಎಂದೆ.

ಜಗಳೂರಿನ ನಂಬರು ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಅದೇ. ಆಗ ನನಗೆ ಆ ಹೆಣ್ಣುಮಗಳ ಜತೆ ಆಡಿದ ಮಾತು ಪೂರ್ತಿ ನೆನಪಾಯಿತು. ಆಕೆ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಗಂಡ ಕಲ್ಲು ಕ್ರಷರಿನಲ್ಲಿ ಹದಿನೈದು ವರ್ಷ ದುಡಿದು, ಧೂಳು ಕುಡಿದು ಕೂತುಬಿಟ್ಟವನು. ಯಂತ್ರ ತಲುಪಿ ವಾರವಾದ ಮೇಲೆ ಆಕೆ ಒಂದೇ ಒಂದು ಸಲ ಫೋನು ಮಾಡಿದ್ದಳು. ಹಣ ಕೇಳಲಿಲ್ಲ, ಜಗಳ ತೆಗೆಯಲಿಲ್ಲ. ನಮ್ಮ ಯಜಮಾನರು ಉಸಿರು ಸಾಲಂಗಿಲ್ಲ ಅಂತಾರಕ್ಕ, ಏನ್ ಮಾಡ್ಲಿ ಎಂದು ಕೇಳಿದ್ದಳು. ಮಿಷಿನ್ ಚೆನ್ನಾಗಿಯೇ ಇದೆ, ಹೊಸದರಲ್ಲಿ ಹಾಗನ್ನಿಸುತ್ತದೆ, ಅಭ್ಯಾಸ ಆಗಬೇಕು ಎಂದು ನಾನು ಹೇಳಿದ್ದೆ. ಆಗ ನನ್ನ ಮುಂದೆ ಇನ್ನೊಬ್ಬ ಗಿರಾಕಿ ಇದ್ದ. ಬೇಗ ಮುಗಿಸಬೇಕಿತ್ತು.

ಮನೆಗೇ ಹೋಗಿ ನೋಡೋಣ ಎಂದು ಮೆಕ್ಯಾನಿಕ್ ತಮ್ಮ ಓಮ್ನಿ ವ್ಯಾನು ತೆಗೆದರು. ತಾವು ಬಾಡಿಗೆಗೆ ಕೊಡುವ ಯಂತ್ರಗಳಲ್ಲಿ ಒಂದನ್ನು ಅನಲೈಸರ್ ಹಿಡಿದು ನೋಡಿದರು, ತೊಂಬತ್ಮೂರು ಬಂತು. ಅದನ್ನು ಹಿಂದೆ ಇಟ್ಟರು. ಒಂದು ತುಂಬಿದ ಸಿಲಿಂಡರನ್ನು ಮಲಗಿಸಿ ಎರಡೂ ಕಡೆ ಹಗ್ಗ ಕಟ್ಟಿದರು. ರೆಗ್ಯುಲೇಟರ್, ಸ್ಪ್ಯಾನರ್, ಹೊಸ ನಳಿಗೆ ಎಲ್ಲ ಒಂದು ಚೀಲಕ್ಕೆ. ನಾನು ಮುಂದೆ ಕೂತೆ.

ದಾವಣಗೆರೆ ದಾಟಿದ ಮೇಲೆ ಜಗಳೂರಿನವರೆಗೆ ರಸ್ತೆಯ ಎರಡೂ ಬದಿ ಬಯಲು, ಮೆಕ್ಕೆಜೋಳದ ಹೊಲ. ನಾನು ಏನನ್ನೂ ನೋಡಲಿಲ್ಲ. ಐದು ನಿಮಿಷಕ್ಕೊಮ್ಮೆ ಆ ನಂಬರು ಒತ್ತುತ್ತಿದ್ದೆ. ಒಂದು ಕಡೆ ರಸ್ತೆಗೆ ಕುರಿಗಳು ಅಡ್ಡ ಬಂದು ನಿಂತೆವು. ಮೆಕ್ಯಾನಿಕ್ ಸುಮ್ಮನೆ ಕಾದರು. ನನಗೆ ಇಳಿದು ಓಡಬೇಕೆನ್ನಿಸಿತು. ಹೋದ ಮೇಲೆ ಏನು ಹೇಳಲಿ ಅಣ್ಣ ಎಂದು ಕೇಳಿದೆ. ಮೊದ್ಲು ಹೋಗಣ ತಾಯಿ ಎಂದರು.

ವಿಳಾಸವೆಂದು ನನ್ನ ಬಳಿ ಇದ್ದದ್ದು ಪಾರ್ಸಲ್ ಚೀಟಿಯ ಮೇಲೆ ಬರೆದ ಹೆಸರು ಮತ್ತು ಬೀದಿ. ಇಬ್ಬರನ್ನು ಕೇಳಿ ಮನೆ ಹುಡುಕಿದೆವು. ಬಾಗಿಲಿಗೆ ಬೀಗ. ಅಂಗಳ ಗುಡಿಸಿರಲಿಲ್ಲ. ಆ ಹೊತ್ತಿಗೂ ಅಂಗಳ ಗುಡಿಸದ ಮನೆ ಕಂಡರೆ ನಮ್ಮ ಕಡೆಯ ಹೆಂಗಸರಿಗೆ ಕೆಟ್ಟದ್ದೇ ತೋಚುತ್ತದೆ. ಪಕ್ಕದ ಮನೆಯ ಮುದುಕಿ ಹೊರಗೆ ಬಂದು ಯಾರು ಬೇಕು ಎಂದಳು. ಹೆಸರು ಹೇಳಿದೆ.

"ಬೆಳಿಗ್ಗೆ ಆಂಬುಲೆನ್ಸ್ ಬಂದು ಹೊತ್ಕಂಡು ಹೋತವ್ವ. ಮಾತು ನಿಂತಿತ್ತು ಅವಂದು."

ಬದುಕಿದ್ದಾರಾ ಎಂದು ಮೆಕ್ಯಾನಿಕ್ಕೇ ಕೇಳಿದರು. ಮುದುಕಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಐದು ನಿಮಿಷದ ದಾರಿ. ಆ ಐದು ನಿಮಿಷದಲ್ಲಿ ನಾನು ಎಲ್ಲ ಲೆಕ್ಕವನ್ನೂ ಹಾಕಿದೆ. ಗಾಡಿ ತಿರುಗಿಸಿ ಅಣ್ಣ ಎಂದರೆ ಅವರು ತಿರುಗಿಸುತ್ತಿದ್ದರೇನೋ. ನಾನು ಬಂದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆ ಬಂತು ಎಂಬುದನ್ನೂ ಬರೆದೇ ಬಿಡುತ್ತೇನೆ.

ಗಂಡಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಆತ ಒರಗಿ ಕೂತಿದ್ದ. ಮುಖಕ್ಕೆ ಮಾಸ್ಕು, ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ಬದುಕಿದ್ದ. ಮಂಚದ ಕಾಲಿನ ಬಳಿ ನೆಲದ ಮೇಲೆ ಕೂತಿದ್ದ ಹೆಂಗಸು ನನ್ನನ್ನು ಗುರುತಿಸಲಿಲ್ಲ, ನಾವು ಮುಖ ನೋಡಿದವರಲ್ಲ. ಚನ್ನಗಿರಿಯಿಂದ ಬಂದೆ, ಮಿಷಿನ್ ಕೊಟ್ಟವಳು ಎಂದೆ. ಆಕೆ ಗಡಬಡಿಸಿ ಎದ್ದು, ಅಷ್ಟು ದೂರದಿಂದ ನೋಡಾಕೆ ಬಂದ್ರಾ ಅಕ್ಕ ಎಂದು, ತಾನು ಕೂತಿದ್ದ ಚಾಪೆಯನ್ನು ಕೊಡವಿ ನನಗೆ ಹಾಸಿದಳು. ಫೋನಿಗೆ ಚಾರ್ಜು ಇಲ್ಲ, ಆಂಬುಲೆನ್ಸಿಗೆ ಮಾಡುವ ಹೊತ್ತಿಗೇ ಮುಗಿದುಹೋಯಿತು ಎಂದಳು.

ನಾನು ಆಕೆಯನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಮನೆಯ ಬೀಗದ ಕೈ ಕೇಳಿದೆ. ಅಲ್ಲಿದ್ದ ಯಂತ್ರಕ್ಕೆ ಅನಲೈಸರ್ ಹಿಡಿದು ನೋಡಲು ಮೆಕ್ಯಾನಿಕ್ ಅದನ್ನು ತೆಗೆದುಕೊಂಡು ಹೋದರು. ಅವರು ಫೋನು ಮಾಡುವವರೆಗೆ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಬೆಳಿಗ್ಗೆ ತಂದಾಗ ಉಸಿರೇ ಇರಲಿಲ್ಲ ಅನ್ನೋ ಹಂಗಿತ್ತು, ಇಲ್ಲಿ ಮಾಸ್ಕು ಹಾಕಿದ ಅರ್ಧ ಗಂಟೆಗೆ ಕಣ್ಣು ಬಿಟ್ಟರು, ಡಾಕ್ಟ್ರು ಮನೆಯಲ್ಲಿ ಮಿಷಿನ್ ಹಾಕ್ತಿರಲಿಲ್ಲವಾ ಅಂತ ನನ್ನೇ ಬೈದರು ಎಂದು ಆಕೆ ಹೇಳುತ್ತಿದ್ದಳು. ನನ್ನ ಫೋನು ಹೊಡೆದುಕೊಂಡಿತು. ಇಪ್ಪತ್ತಾರು ಎಂದರು ಮೆಕ್ಯಾನಿಕ್.

ಹೇಳಿದೆ. ಸುತ್ತಿ ಬಳಸದೆ, ನೆಪ ಸೇರಿಸದೆ ಹೇಳಿದೆ. ಆ ಯಂತ್ರದಲ್ಲಿ ಬರುತ್ತಿದ್ದದ್ದು ಬರೀ ಗಾಳಿ, ನಾನು ಪರೀಕ್ಷೆ ಮಾಡಿಸದೆ ಮಾರಿದೆ, ನೀನು ಫೋನು ಮಾಡಿದಾಗ ಸರಿ ಇದೆ ಎಂದು ಸುಳ್ಳು ಹೇಳಿದೆ ಎಂದೆ. ಆಕೆ ಹೊಡೆಯಬಹುದು, ಕೂಗಿ ಜನ ಸೇರಿಸಬಹುದು ಎಂದು ಮೈ ಬಿಗಿಹಿಡಿದು ಕೂತಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ನೀವು ಸರಿ ಐತೆ ಅಂದಿರಲ್ಲ ಅಕ್ಕ, ಅದ್ಕೆ ನಾ ಅವ್ರನ್ನ ಬೈದೆ. ದಿನಾ ಬೈದೆ. ಮಿಷಿನ್ ಹಾಕೀವಲ್ಲ, ಇನ್ನೇನ್ ಬೇಕು, ಸುಮ್ನೆ ಮಲಗ್ರಿ ಅಂತ. ಅವರಣ್ಣನೂ ಬಂದು, ನಾಟಕ ಮಾಡ್ತಾನೆ ಇವನು, ದುಡಿಯಾಕೆ ಆಗದ್ದಕ್ಕೆ ನೆಪ ಅಂತ ಎಲ್ಲರ ಮುಂದೆ ಅಂದ. ನಾನೂ ಹೂಂ ಅಂದೆ."

ಹಣ ಪೂರ್ತಿ ವಾಪಸ್ ಕೊಡುತ್ತೇನೆ, ತಂದಿರುವ ಯಂತ್ರವನ್ನು ಇಟ್ಟುಕೊಳ್ಳಿ, ಅದರ ಬಾಡಿಗೆ ನನ್ನದು ಎಂದೆ. ಆಕೆಗೆ ಅದು ಕೇಳಿಸಿತೋ ಇಲ್ಲವೋ. ಸ್ವಲ್ಪ ಹೊತ್ತಿನ ಮೇಲೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡ್ತೀರಾ ಎಂದು ಕೇಳಿದಳು.

ಯಾರಿಗೆ ಎಂದೆ.

"ಅವರಣ್ಣನಿಗೆ ತೋರಸಾಕೆ. ನಾ ಬಾಯಲ್ಲಿ ಹೇಳಿದ್ರೆ ಗಂಡನ ಪರ ಮಾತಾಡ್ತಾಳೆ ಅಂತಾರೆ."

ಬರೆಯಬೇಡಿ ಎಂದು ವಕೀಲರು ಹೇಳಿದ್ದೇಕೆಂದು ನನಗೆ ಚೆನ್ನಾಗಿ ಅರ್ಥವಾಗಿತ್ತು. ನಾಳೆ ಇವನಿಗೆ ಏನಾದರೂ ಆದರೆ ಆ ಹಾಳೆ ಎಲ್ಲಿಗೆ ಹೋದೀತು ಎಂಬುದೂ ಗೊತ್ತಿತ್ತು. ನರ್ಸಿನ ಮೇಜಿನಿಂದ ಪೆನ್ನು ಈಸಿಕೊಂಡು, ಅವರು ಕೊಟ್ಟ ಬಿಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದೆ. ಅಕ್ಷರ ಸೊಟ್ಟಗಾದವು. ಕೆಳಗೆ ಹೆಸರು, ಊರು, ತಾರೀಖು, ಸಹಿ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ವಾರ ಅಂಗಡಿಯಲ್ಲಿದ್ದದ್ದನ್ನೆಲ್ಲ ಬಂದಷ್ಟಕ್ಕೆ ಮಾರಿ ಮೂವರಿಗೂ ಹಣ ತಲುಪಿಸಿದೆ. ನ್ಯಾಮತಿಯ ಯಂತ್ರ ಬಿಚ್ಚದ ಕವರಿನಲ್ಲೇ ಬಂತು, ಅದರಲ್ಲೂ ಮೂವತ್ತು ದಾಟಲಿಲ್ಲ. ಮೇಷ್ಟ್ರು ದೂರು ಕೊಡಲಿಲ್ಲ. ಗುಂಪಿನಲ್ಲಿ ಹಾಕಿದ್ದನ್ನು ತೆಗೆಯಲೂ ಇಲ್ಲ. ತೆಗೆಯಿರಿ ಎಂದು ನಾನು ಕೇಳಲಿಲ್ಲ. ನಾಲ್ಕೂ ಯಂತ್ರಗಳನ್ನು ಮೆಕ್ಯಾನಿಕ್ ನನ್ನ ಕಣ್ಣೆದುರು ಬಿಚ್ಚಿ ಗುಜರಿಗೆ ಹಾಕಿದರು. ಮಂಚ, ವಾಕರ್ ಈಗಲೂ ಮಾರುತ್ತೇನೆ. ಉಸಿರಿಗೆ ಸಂಬಂಧಿಸಿದ್ದನ್ನು ಮುಟ್ಟುವುದಿಲ್ಲ. ಜಗಳೂರಿನವನು ಎಂಟು ದಿನಕ್ಕೆ ಮನೆಗೆ ಹೋದ. ಕಾಯಿಲೆ ವಾಸಿಯಾಗುವಂಥದ್ದಲ್ಲ, ಆದರೆ ಈಗ ಅಂಗಳದವರೆಗೆ ನಡೆಯುತ್ತಾನಂತೆ. ಆ ಹಾಳೆ ಅವರ ಬಳಿಯೇ ಇದೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಈಗಲೂ ನನಗೆ ಅದರ ನೆನಪೇ ಮೊದಲು ಬರುತ್ತದೆ.

ಅವತ್ತು ಬರೆದು ಮುಗಿಸಿದ ಹಾಳೆಯನ್ನು ಆಕೆ ಮಡಿಸಿ ಇಟ್ಟುಕೊಳ್ಳಲಿಲ್ಲ. ನೇರವಾಗಿ ವಾರ್ಡಿನೊಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಗಂಡನ ಪಕ್ಕ ಮಂಚದ ಅಂಚಿಗೆ ಕೂತು ಓದತೊಡಗಿದಳು. ಓದು ಅಷ್ಟು ಸಲೀಸಿರಲಿಲ್ಲ, ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಓದುತ್ತಿದ್ದಳು. ಯಂತ್ರದಿಂದ ಬರುತ್ತಿದ್ದದ್ದು ಬರೀ ಗಾಳಿ. ಸರಿ ಇದೆ ಎಂದು ನಾನು ಹೇಳಿದ್ದು ಸುಳ್ಳು. ಉಸಿರು ಸಾಲುತ್ತಿಲ್ಲ ಎಂದು ಅವರು ಹೇಳಿದ್ದು ನಿಜ.

ಆತ ಕಣ್ಣು ಮುಚ್ಚಿ ಕೇಳುತ್ತಿದ್ದ. ಮುಗಿದ ಮೇಲೆ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿ ಹಿಡಿದ. ಆತನ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ.

"ಕಡೇದು ಐತಲ್ಲ," ಎಂದ. "ಅದನ್ನ ಇನ್ನೊಂದ್ಸಲ ಓದು."